ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ವಿದ್ಯಾರ್ಥಿ ಕ್ರೀಡಾಪಟುಗಳ ಮನ್ನಣೆ

ವಿದ್ಯಾರ್ಥಿ ಕ್ರೀಡಾಪಟುಗಳ ಮನ್ನಣೆ ಎಂದರೆ ಪ್ರೌಢಶಾಲೆಯಲ್ಲಿ ಓದುತ್ತಲೇ ಕ್ರೀಡೆಯಲ್ಲಿ ಸಾಧನೆ ತೋರಿ, ಅದನ್ನು ಪದವಿಪೂರ್ವ ಹಾಗೂ ಪದವಿ ಕಾಲೇಜುಗಳಲ್ಲಿ ಮುಂದುವರಿಸಲು ಹೊರಡುವ ವಿದ್ಯಾರ್ಥಿಗಳನ್ನು ಶಾಲೆ, ಶಿಕ್ಷಣ ಇಲಾಖೆ ಮತ್ತು ಊರು ಗುರುತಿಸುವ ಪದ್ಧತಿ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಈ ಮನ್ನಣೆ ಎರಡು ರೂಪಗಳಲ್ಲಿ ದೊರೆಯುತ್ತದೆ. ಮೊದಲನೆಯದು ವೇದಿಕೆಯ ಮೇಲಿನ ಸನ್ಮಾನ: ಪದಕ, ಪಾರಿತೋಷಕ, ಶಾಲು ಹಾಗೂ ಚಪ್ಪಾಳೆ. ಎರಡನೆಯದು ಕಾಗದದ ಮೇಲಿನ ಮನ್ನಣೆ, ಅಂದರೆ ಸ್ಪರ್ಧೆಯ ಹಂತ ಮತ್ತು ಪಡೆದ ಸ್ಥಾನವನ್ನು ದೃಢೀಕರಿಸುವ ಪ್ರಮಾಣಪತ್ರ. ಸನ್ಮಾನವು ವಿದ್ಯಾರ್ಥಿಗೆ ಉತ್ಸಾಹ ತುಂಬುತ್ತದೆ. ಆದರೆ ಕಾಲೇಜಿನ ಸೀಟು, ಉಚಿತ ವಸತಿ, ವೃತ್ತಿಶಿಕ್ಷಣದ ಪ್ರವೇಶ ಹಾಗೂ ಸರ್ಕಾರಿ ಉದ್ಯೋಗದ ಸಂದರ್ಭದಲ್ಲಿ ಲೆಕ್ಕಕ್ಕೆ ಬರುವುದು ಪ್ರಮಾಣಪತ್ರ ಮಾತ್ರ. ಈ ಕಾರಣದಿಂದ ಎಸ್‌ಎಸ್‌ಎಲ್‌ಸಿ ಮುಗಿಯುವ ಹಂತವು ವಿದ್ಯಾರ್ಥಿ ಕ್ರೀಡಾಪಟುವಿನ ಬದುಕಿನಲ್ಲಿ ನಿರ್ಣಾಯಕವೆನಿಸಿದೆ.

ಹಿನ್ನೆಲೆ

ಕಾರವಾರವು ಉತ್ತರ ಕನ್ನಡ ಜಿಲ್ಲೆಯ ಆಡಳಿತ ಕೇಂದ್ರ. ಅಂಕೋಲಾ ಅದರ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸುಮಾರು 35 ಕಿ.ಮೀ. ದೂರದಲ್ಲಿರುವ ತಾಲೂಕು ಕೇಂದ್ರ. ಎರಡೂ ತಾಲೂಕುಗಳು ಒಂದು ಬದಿಯಲ್ಲಿ ಅರಬ್ಬೀ ಸಮುದ್ರವನ್ನೂ ಇನ್ನೊಂದು ಬದಿಯಲ್ಲಿ ಸಹ್ಯಾದ್ರಿಯ ಘಟ್ಟವನ್ನೂ ಹೊಂದಿವೆ. ಈ ಪ್ರದೇಶವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅಲ್ಲಿಯೇ ಇತ್ತು. ಇಲ್ಲಿನ ಶಾಲಾ ಜೀವನದ ಕೆಲವು ಪದಗಳಲ್ಲಿ ಆ ಕಾಲದ ಛಾಯೆ ಇಂದಿಗೂ ಉಳಿದಿದೆ. ಹಳೆ ಮೈಸೂರು ಭಾಗದಲ್ಲಿ ‘ಶಾಲಾ ವಾರ್ಷಿಕೋತ್ಸವ’ ಎಂದು ಕರೆಯುವ ಸಮಾರಂಭಕ್ಕೆ ಇಲ್ಲಿ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂಬ ಹೆಸರು ಬಳಕೆಯಲ್ಲಿದ್ದು, ಆಡುಮಾತಿನಲ್ಲಿ ಅದನ್ನು ‘ಗ್ಯಾದರಿಂಗ್’ ಎನ್ನುತ್ತಾರೆ.

ಶಿಕ್ಷಣ ಇಲಾಖೆಯ ಆಡಳಿತಕ್ಕಾಗಿ ಉತ್ತರ ಕನ್ನಡವನ್ನು ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಲಾಗಿದೆ. ಕರಾವಳಿಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳು ಕಾರವಾರ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಘಟ್ಟದ ಮೇಲಿನ ತಾಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಹೀಗಾಗಿ ಒಂದೇ ಕಂದಾಯ ಜಿಲ್ಲೆಯಲ್ಲಿ ಪ್ರೌಢಶಾಲಾ ಮಟ್ಟದ ಎರಡು ಪ್ರತ್ಯೇಕ ಜಿಲ್ಲಾ ಕ್ರೀಡಾಕೂಟಗಳು ನಡೆಯುತ್ತವೆ.

ಕಾರವಾರದ ಹಿಂದೂ ಹೈಸ್ಕೂಲ್ ಮತ್ತು ಸೇಂಟ್ ಮೈಕಲ್ಸ್ ಕಾನ್ವೆಂಟ್, ಅಂಕೋಲಾದ ಜೈಹಿಂದ್ ಹೈಸ್ಕೂಲ್ ಮತ್ತು ಪಿ.ಎಂ. ಹೈಸ್ಕೂಲ್ ಈ ಭಾಗದ ಪರಿಚಿತ ಪ್ರೌಢಶಾಲೆಗಳು. ಕಾರವಾರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು, ದಿವೇಕರ ವಾಣಿಜ್ಯ ಕಾಲೇಜು, ಬಾಡದ ಶಿವಾಜಿ ಕಾಲೇಜು ಹಾಗೂ ಅಂಕೋಲಾದ ಗೋಖಲೆ ಶತಮಾನೋತ್ಸವ ಕಾಲೇಜು ಇಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೇರಿವೆ. ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷವಾದ 1966ರಲ್ಲಿ ಆರಂಭವಾದ ಗೋಖಲೆ ಕಾಲೇಜು, ಕವಿ ಹಾಗೂ ಸಮಾಜ ಸುಧಾರಕ ದಿನಕರ ದೇಸಾಯಿಯವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟಿನ ಸಂಸ್ಥೆಯಾಗಿದೆ. ಅಲ್ಲಿಯವರೆಗೆ ಕಾಲೇಜು ಶಿಕ್ಷಣಕ್ಕಾಗಿ ಊರು ಬಿಡಬೇಕಾಗಿದ್ದ ಅಂಕೋಲಾದ ಹಳ್ಳಿಗಳ ಮಕ್ಕಳಿಗೆ, ಕಾಲೇಜು ತಂಡದಲ್ಲಿ ಆಡುವ ಅವಕಾಶವೂ ಇದರೊಂದಿಗೆ ಹತ್ತಿರವಾಯಿತು.

ಕಾರವಾರದ ಮಾಲಾದೇವಿ ಮೈದಾನ ಮತ್ತು ಅಂಕೋಲಾದ ಜೈಹಿಂದ್ ಮೈದಾನಗಳು ಈ ತಾಲೂಕುಗಳ ಪ್ರಮುಖ ಆಟದ ಬಯಲುಗಳು. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್ ಮತ್ತು ಅಥ್ಲೆಟಿಕ್ಸ್ ಶಾಲಾ ಮಟ್ಟದ ಸಾಮಾನ್ಯ ಕ್ರೀಡೆಗಳಾಗಿವೆ.

ಸ್ಪರ್ಧೆಯ ಹಂತಗಳು

ಮನ್ನಣೆಯ ತೂಕವು ಸ್ಪರ್ಧೆಯ ಹಂತವನ್ನು ಅವಲಂಬಿಸಿರುತ್ತದೆ. ಸರ್ಕಾರಿ, ಅನುದಾನಿತ ಮತ್ತು ಅನುದಾನರಹಿತ ಪ್ರೌಢಶಾಲೆಗಳ ವಿದ್ಯಾರ್ಥಿಗಳು ಕೆಳಗಿನ ಕ್ರಮದಲ್ಲಿ ಮೇಲೇರುತ್ತಾರೆ.

1. ಶಾಲಾ ಮಟ್ಟ: ಶಾಲೆಯ ವಾರ್ಷಿಕ ಕ್ರೀಡಾಕೂಟ ಹಾಗೂ ತಂಡದ ಆಯ್ಕೆ. ಹೊಣೆ ದೈಹಿಕ ಶಿಕ್ಷಣ ಶಿಕ್ಷಕರದ್ದು.
2. ವಲಯ ಮಟ್ಟ: ತಾಲೂಕಿನ ಒಂದು ಭಾಗದ ಶಾಲೆಗಳ ನಡುವಿನ ಸ್ಪರ್ಧೆ.
3. ತಾಲೂಕು ಮಟ್ಟ: ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಆಶ್ರಯದಲ್ಲಿ ನಡೆಯುತ್ತದೆ.
4. ಜಿಲ್ಲಾ ಮಟ್ಟ: ಕಾರವಾರ ಶೈಕ್ಷಣಿಕ ಜಿಲ್ಲೆಯ ಐದು ತಾಲೂಕುಗಳ ವಿಜೇತರು ಭಾಗವಹಿಸುತ್ತಾರೆ.
5. ವಿಭಾಗ ಮಟ್ಟ: ಬೆಂಗಳೂರು, ಮೈಸೂರು, ಬೆಳಗಾವಿ ಮತ್ತು ಕಲಬುರಗಿ ಎಂಬ ನಾಲ್ಕು ವಿಭಾಗಗಳಲ್ಲಿ ಉತ್ತರ ಕನ್ನಡವು ಬೆಳಗಾವಿ ವಿಭಾಗಕ್ಕೆ ಸೇರಿದೆ.
6. ರಾಜ್ಯ ಮಟ್ಟ: ನಾಲ್ಕು ವಿಭಾಗಗಳ ವಿಜೇತರ ಸ್ಪರ್ಧೆ.
7. ರಾಷ್ಟ್ರ ಮಟ್ಟ: 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟವು 14, 17 ಮತ್ತು 19 ವರ್ಷದೊಳಗಿನವರಿಗಾಗಿ ನಡೆಸುವ ರಾಷ್ಟ್ರೀಯ ಶಾಲಾ ಕ್ರೀಡಾಕೂಟ.

ಪ್ರೌಢಶಾಲಾ ವಿದ್ಯಾರ್ಥಿಗಳು ಸಾಮಾನ್ಯವಾಗಿ 17 ವರ್ಷದೊಳಗಿನವರ ವಿಭಾಗದಲ್ಲಿಯೂ, ಪದವಿಪೂರ್ವ ವಿದ್ಯಾರ್ಥಿಗಳು 19 ವರ್ಷದೊಳಗಿನವರ ವಿಭಾಗದಲ್ಲಿಯೂ ಸ್ಪರ್ಧಿಸುತ್ತಾರೆ. ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ ವಿದ್ಯಾಲಯ ಸಂಘಟನೆಗಳು ರಾಷ್ಟ್ರೀಯ ಒಕ್ಕೂಟದಲ್ಲಿ ಸ್ವತಂತ್ರ ಘಟಕಗಳಾಗಿರುವುದರಿಂದ, ಆ ಶಾಲೆಗಳ ಮಕ್ಕಳು ತಾಲೂಕು ಮತ್ತು ಜಿಲ್ಲೆಯ ಮೆಟ್ಟಿಲುಗಳನ್ನು ಹತ್ತದೆ ತಮ್ಮದೇ ಸಂಘಟನೆಯ ಸ್ಪರ್ಧೆಗಳ ಮೂಲಕ ಮೇಲೇರುತ್ತಾರೆ.

ಗುಂಪು ಆಟಗಳಿಗೂ ವೈಯಕ್ತಿಕ ಸ್ಪರ್ಧೆಗಳಿಗೂ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಓಟ ಅಥವಾ ಜಿಗಿತದಲ್ಲಿ ಗೆದ್ದ ವಿದ್ಯಾರ್ಥಿ ತನ್ನ ಸಾಮರ್ಥ್ಯದಿಂದಲೇ ಮುಂದಿನ ಹಂತಕ್ಕೆ ಹೋಗುತ್ತಾನೆ. ಕಬಡ್ಡಿ, ಕೊಕ್ಕೊಗಳಲ್ಲಿ ತಂಡ ಸೋತರೆ, ಆ ತಂಡದ ಉತ್ತಮ ಆಟಗಾರನ ದಾಖಲೆಯೂ ಸಾಮಾನ್ಯವಾಗಿ ಅದೇ ಹಂತದಲ್ಲಿ ನಿಲ್ಲುತ್ತದೆ. ರಾಷ್ಟ್ರ ಮಟ್ಟಕ್ಕೆ ಮಾತ್ರ ರಾಜ್ಯದ ಆಯ್ದ ಆಟಗಾರರ ತಂಡ ಹೋಗುತ್ತದೆ. ಏಳು ಜನರ ಕಬಡ್ಡಿ ತಂಡ ಕಟ್ಟಲು ಸಾಕಷ್ಟು ಮಕ್ಕಳೂ ಇಲ್ಲದ ಸಣ್ಣ ಶಾಲೆಗಳ ಪ್ರತಿಭೆಗಳಿಗೆ ಈ ಕ್ರಮದಿಂದ ತೊಡಕಾಗುತ್ತದೆ.

ಶಾಲೆಗಳಲ್ಲಿ ಮನ್ನಣೆಯ ರೂಪಗಳು

ಕ್ರೀಡಾಕೂಟದ ವಿಧಿಗಳು

ಕ್ರೀಡಾಕೂಟವು ಧ್ವಜಾರೋಹಣ, ಪಥಸಂಚಲನ, ಕ್ರೀಡಾಜ್ಯೋತಿ ಮತ್ತು ಪ್ರತಿಜ್ಞಾವಿಧಿಗಳೊಂದಿಗೆ ಆರಂಭವಾಗುತ್ತದೆ. ಹಿಂದಿನ ವರ್ಷ ಮೇಲಿನ ಹಂತದಲ್ಲಿ ಆಡಿ ಬಂದ ವಿದ್ಯಾರ್ಥಿಗಳ ಕೈಗೆ ಕ್ರೀಡಾಜ್ಯೋತಿಯನ್ನು ಕೊಡುವುದು ಅಥವಾ ಅವರಿಂದ ಪ್ರತಿಜ್ಞಾವಿಧಿ ಬೋಧಿಸುವುದು ಅನೇಕ ಶಾಲೆಗಳ ರೂಢಿ. ಕೂಟದ ಕೊನೆಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಬಾಲಕ ಮತ್ತು ಬಾಲಕಿಗೆ ‘ವೈಯಕ್ತಿಕ ವೀರಾಗ್ರಣಿ’ ಪ್ರಶಸ್ತಿಯನ್ನೂ, ಶಾಲೆಗೆ ‘ಸಮಗ್ರ ವೀರಾಗ್ರಣಿ’ ಪ್ರಶಸ್ತಿಯನ್ನೂ ನೀಡಲಾಗುತ್ತದೆ.

ಪ್ರಾರ್ಥನಾ ಸಭೆ

ತಾಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ ಗೆದ್ದು ಬಂದ ತಂಡವನ್ನು ಮರುದಿನ ಬೆಳಗಿನ ಪ್ರಾರ್ಥನೆಯ ವೇಳೆ ಎಲ್ಲ ತರಗತಿಗಳ ಮುಂದೆ ನಿಲ್ಲಿಸಿ, ಮುಖ್ಯಾಧ್ಯಾಪಕರು ಸಾಧನೆಯನ್ನು ಓದಿ ಹೇಳುತ್ತಾರೆ. ಹೆಚ್ಚು ಖರ್ಚಿಲ್ಲದ ಈ ಕ್ರಮವು ಬಹುಪಾಲು ಶಾಲೆಗಳಲ್ಲಿ ನಡೆಯುತ್ತದೆ. ಕಿರಿಯ ತರಗತಿಯ ಮಕ್ಕಳು ಮುಂದಿನ ಹಂತದ ಸ್ಪರ್ಧೆಗಳ ಬಗ್ಗೆ ಮೊದಲು ಕೇಳುವುದು ಹಲವೆಡೆ ಇಲ್ಲಿಯೇ.

ಸ್ನೇಹ ಸಮ್ಮೇಳನ ಮತ್ತು ದತ್ತಿ ಬಹುಮಾನಗಳು

ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿಯ ಅವಧಿಯಲ್ಲಿ ನಡೆಯುವ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಕ್ರೀಡಾ ವರದಿ ವಾಚನ ಮತ್ತು ಬಹುಮಾನ ವಿತರಣೆ ನಡೆಯುತ್ತದೆ. ಊರಿನ ದಾನಿಗಳು ಅಥವಾ ಹಳೆಯ ವಿದ್ಯಾರ್ಥಿಗಳು ಹಿರಿಯರ ನೆನಪಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಿಂದ ಪ್ರತಿವರ್ಷ ಬಹುಮಾನ ನೀಡುವಂತೆ ಏರ್ಪಡಿಸುವ ‘ದತ್ತಿ ಬಹುಮಾನ’ ಇಲ್ಲಿನ ವೈಶಿಷ್ಟ್ಯ. ದತ್ತಿಗಳಲ್ಲಿ ಹೆಚ್ಚಿನವು ಪರೀಕ್ಷೆಯ ಅಂಕಗಳಿಗೆ ಮೀಸಲಾಗಿದ್ದು, ಕ್ರೀಡೆಗಾಗಿ ಇಟ್ಟವು ಕಡಿಮೆ.

ಬೀಳ್ಕೊಡುಗೆ ಮತ್ತು ಊರಿನ ಸನ್ಮಾನ

ಹತ್ತನೆಯ ತರಗತಿಯ ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲೆಗೆ ಹೆಸರು ತಂದ ಕ್ರೀಡಾಪಟುಗಳನ್ನು ಪ್ರತ್ಯೇಕವಾಗಿ ಗೌರವಿಸುವ ಶಾಲೆಗಳಿವೆ. ರಾಜ್ಯ ಅಥವಾ ರಾಷ್ಟ್ರ ಮಟ್ಟಕ್ಕೆ ಆಯ್ಕೆಯಾದಾಗ ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯತ್, ಯುವಕ ಮಂಡಳ ಹಾಗೂ ಜಾತ್ರೆ, ಗಣೇಶೋತ್ಸವ ಸಮಿತಿಗಳು ಶಾಲು ಹೊದಿಸಿ, ಫಲಪುಷ್ಪ ನೀಡಿ ಸನ್ಮಾನಿಸುತ್ತವೆ. ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಪ್ರಕಟವಾಗುವ ತಂಡದ ಭಾವಚಿತ್ರವೂ ಮನ್ನಣೆಯ ಒಂದು ರೂಪವೇ ಆಗಿದೆ. ದೂರದ ಸ್ಪರ್ಧೆಗೆ ಹೊರಟ ಮಗುವಿನ ಪ್ರಯಾಣಕ್ಕಾಗಿ ಶಿಕ್ಷಕರು ಮತ್ತು ಊರವರು ಕೂಡಿಸಿ ಕೊಡುವ ಹಣಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಉಪಯೋಗದ ದೃಷ್ಟಿಯಿಂದ ಅದು ಶಾಲಿಗಿಂತ ದೊಡ್ಡ ಮನ್ನಣೆ.

ಪ್ರಮಾಣಪತ್ರದ ಮಹತ್ವ

ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಹಾಗೂ ಉಳಿದ ಐದು ವಿಷಯಗಳಿಗೆ ತಲಾ 100 ಅಂಕಗಳಿವೆ. ಮೈದಾನದ ಸಾಧನೆ ಈ 625ರ ಹೊರಗಿದೆ. ಕಾರವಾರಕ್ಕೆ ತಾಗಿಕೊಂಡಿರುವ ಗೋವಾದಲ್ಲಿ ಹಾಗೂ ಮಹಾರಾಷ್ಟ್ರ, ಕೇರಳಗಳಲ್ಲಿ ಕ್ರೀಡಾ ಸಾಧನೆಗೆ ಪ್ರೌಢಶಾಲಾ ಪರೀಕ್ಷೆಯಲ್ಲಿ ಹೆಚ್ಚುವರಿ ಅಥವಾ ಕೃಪಾಂಕ ನೀಡುವ ಪದ್ಧತಿಗಳು ಬಳಕೆಗೆ ಬಂದಿವೆ. ಅಂಕಪಟ್ಟಿಯ ಮೊತ್ತದಲ್ಲಿ ಸ್ಥಾನವಿಲ್ಲದ ಕಾರಣ, ಕಾರವಾರ ಮತ್ತು ಅಂಕೋಲಾದ ವಿದ್ಯಾರ್ಥಿಗೆ ಕ್ರೀಡಾ ಪ್ರಮಾಣಪತ್ರವೇ ತನ್ನ ಶ್ರಮದ ಪ್ರಮುಖ ಅಧಿಕೃತ ದಾಖಲೆಯಾಗುತ್ತದೆ.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನೇಮಕಾತಿಗಳಲ್ಲಿ ಪ್ರಮಾಣಪತ್ರಗಳನ್ನು ನಿಗದಿತ ನಮೂನೆಗಳಲ್ಲಿ ಗುರುತಿಸಲಾಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ದೇಶವನ್ನು ಪ್ರತಿನಿಧಿಸಿದವರಿಗೆ ನಮೂನೆ 1, ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ ನಮೂನೆ 2, ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯಲ್ಲಿ ಆಡಿದವರಿಗೆ ನಮೂನೆ 3 ಹಾಗೂ ರಾಷ್ಟ್ರೀಯ ಶಾಲಾ ಕ್ರೀಡೆಗಳಲ್ಲಿ ರಾಜ್ಯ ಶಾಲಾ ತಂಡದಲ್ಲಿ ಆಡಿದವರಿಗೆ ನಮೂನೆ 4. ಕೊನೆಯ ನಮೂನೆಗೆ ರಾಜ್ಯದ ಶಿಕ್ಷಣ ನಿರ್ದೇಶನಾಲಯದಲ್ಲಿ ಕ್ರೀಡೆಯ ಹೊಣೆ ಹೊತ್ತ ಅಧಿಕಾರಿಯ ಸಹಿ ಇರಬೇಕು. ಈ ಕೋಟಾಕ್ಕೆ ಅರ್ಹವಾದ ಕ್ರೀಡೆಗಳ ಪಟ್ಟಿಯನ್ನು 2020ರಲ್ಲಿ 43ರಿಂದ 63ಕ್ಕೆ ಹೆಚ್ಚಿಸಲಾಯಿತು.

ಶಾಲೆಯ ವೇದಿಕೆಯಲ್ಲಿ ಅತಿ ಹೆಚ್ಚು ಸಂಭ್ರಮದಿಂದ ಆಚರಿಸಲಾಗುವ ತಾಲೂಕು ಮತ್ತು ಜಿಲ್ಲಾ ಮಟ್ಟದ ಗೆಲುವುಗಳು ಈ ನಾಲ್ಕು ನಮೂನೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಜಿಲ್ಲಾ ಮಟ್ಟದ ಪ್ರಮಾಣಪತ್ರವು ಕಾಲೇಜು ತಂಡದ ಆಯ್ಕೆಗೆ ಅಥವಾ ಕ್ರೀಡಾ ವಸತಿ ನಿಲಯದ ಪರೀಕ್ಷೆಗೆ ಪರಿಚಯ ಪತ್ರದಂತೆ ನೆರವಾಗಬಹುದು. ಆದರೆ ಉದ್ಯೋಗದ ಕೋಟಾದಲ್ಲಿ ಅದಕ್ಕೆ ಬೆಲೆ ಇಲ್ಲ. ಈ ಸಂಗತಿ ಅನೇಕ ಕುಟುಂಬಗಳಿಗೆ ತಿಳಿಯುವುದು ಅರ್ಜಿ ಹಾಕುವ ಸಮಯದಲ್ಲಿ.

ಪ್ರಮಾಣಪತ್ರದಲ್ಲಿನ ಹೆಸರು, ತಂದೆಯ ಹೆಸರು ಮತ್ತು ಜನ್ಮ ದಿನಾಂಕಗಳು ಶಾಲಾ ದಾಖಲಾತಿ ವಹಿ ಹಾಗೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೊಂದಿಗೆ ಹೊಂದಿಕೆಯಾಗಬೇಕು. ಸ್ಪರ್ಧೆಯ ಹೆಸರು, ವರ್ಷ, ವಯೋಮಿತಿ, ಪಡೆದ ಸ್ಥಾನ ಮತ್ತು ಸಹಿ ಮಾಡಿದ ಅಧಿಕಾರಿಯ ಮೊಹರು ಸ್ಪಷ್ಟವಾಗಿರಬೇಕು. ಮನೆತನದ ಹೆಸರು ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿರುವುದು, ಕೊಂಕಣಿ ಹೆಸರುಗಳನ್ನು ಕನ್ನಡ ಮತ್ತು ಇಂಗ್ಲಿಷ್ ದಾಖಲೆಗಳಲ್ಲಿ ಬೇರೆ ಬೇರೆಯಾಗಿ ಬರೆಯುವುದು ಮುಂತಾದ ಸಣ್ಣ ವ್ಯತ್ಯಾಸಗಳೂ ಪರಿಶೀಲನೆಯ ವೇಳೆ ಪ್ರಶ್ನೆಗೆ ಕಾರಣವಾಗಬಲ್ಲವು. ತಿದ್ದುಪಡಿಯನ್ನು ವಿದ್ಯಾರ್ಥಿ ಶಾಲೆಯಲ್ಲಿ ಇರುವಾಗಲೇ ಮಾಡಿಸುವುದು ಸುಲಭ.

ಎಸ್‌ಎಸ್‌ಎಲ್‌ಸಿ ನಂತರದ ದಾರಿಗಳು

ಹತ್ತನೆಯ ತರಗತಿಯ ನಂತರ ಆಟ ಮುಂದುವರಿಸಲು ಬಯಸುವ ವಿದ್ಯಾರ್ಥಿಯ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಸ್ಥಳೀಯ ಪದವಿಪೂರ್ವ ಕಾಲೇಜು

ಬಹುತೇಕ ವಿದ್ಯಾರ್ಥಿಗಳು ಊರಿನ ಸಮೀಪದ ಕಾಲೇಜಿಗೆ ಸೇರುತ್ತಾರೆ. ಪದವಿಪೂರ್ವ ಹಂತದಲ್ಲಿ ತಾಲೂಕು, ಜಿಲ್ಲೆ ಮತ್ತು ರಾಜ್ಯ ಮಟ್ಟದ ಪ್ರತ್ಯೇಕ ಕ್ರೀಡಾಕೂಟಗಳಿವೆ. ಖರ್ಚು ಕಡಿಮೆ ಹಾಗೂ ಮನೆಯಿಂದಲೇ ಓಡಾಟ ಎಂಬುದು ಇದರ ಅನುಕೂಲ. ನಿರಂತರ ತರಬೇತಿ ದೊರೆಯುವುದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಬೋಧಕರು ಇದ್ದಾರೆಯೇ ಎಂಬುದನ್ನು ಅವಲಂಬಿಸಿದೆ. ವಿಜ್ಞಾನ ವಿಭಾಗಕ್ಕೆ ಸೇರಿದವರು ಪ್ರಯೋಗಾಲಯ ಮತ್ತು ಪ್ರವೇಶ ಪರೀಕ್ಷೆಯ ಸಿದ್ಧತೆಯ ನಡುವೆ ಮೈದಾನವನ್ನು ಬಿಡುವುದು ಸಾಮಾನ್ಯ.

ಸರ್ಕಾರಿ ಕ್ರೀಡಾ ವಸತಿ ನಿಲಯ ಮತ್ತು ತರಬೇತಿ ಕೇಂದ್ರಗಳು

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ರಾಜ್ಯದ ವಿವಿಧೆಡೆ ಕ್ರೀಡಾ ಶಾಲೆ ಮತ್ತು ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ. ಕಿರಿಯರ ವಿಭಾಗಕ್ಕೆ ಶಾಲಾ ಮಕ್ಕಳನ್ನೂ, ಹಿರಿಯರ ವಿಭಾಗಕ್ಕೆ ಕಾಲೇಜು ಸೇರುವವರನ್ನೂ ಆಯ್ಕೆ ಪರೀಕ್ಷೆಗಳ ಮೂಲಕ ಆರಿಸಲಾಗುತ್ತದೆ. ಬೆಂಗಳೂರಿನ ವಿದ್ಯಾನಗರದಲ್ಲಿರುವ ಜಯಪ್ರಕಾಶ ನಾರಾಯಣ ರಾಷ್ಟ್ರೀಯ ಯುವ ತರಬೇತಿ ಕೇಂದ್ರದ ಆವರಣ ಇವುಗಳಲ್ಲಿ ಹೆಸರಾದುದು. ಭಾರತೀಯ ಕ್ರೀಡಾ ಪ್ರಾಧಿಕಾರವು ಬೆಂಗಳೂರು ಮತ್ತು ಧಾರವಾಡಗಳಲ್ಲಿ ತರಬೇತಿ ಕೇಂದ್ರಗಳನ್ನು ಹೊಂದಿದೆ.

ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಡಿ ಆಯ್ಕೆಯಾದ ಕ್ರೀಡಾಪಟುವಿಗಾಗಿ ವರ್ಷಕ್ಕೆ 6.28 ಲಕ್ಷ ರೂಪಾಯಿ ನೆರವು ನಿಗದಿಯಾಗಿದ್ದು, ಅದರಲ್ಲಿ ತಿಂಗಳಿಗೆ 10,000 ರೂಪಾಯಿಯಂತೆ ವರ್ಷಕ್ಕೆ 1.20 ಲಕ್ಷ ರೂಪಾಯಿ ಕೈಖರ್ಚಿನ ಭತ್ಯೆಯಾಗಿರುತ್ತದೆ. ಉಳಿದ ಮೊತ್ತ ತರಬೇತಿ, ಆಹಾರ, ವಸತಿ, ಶಿಕ್ಷಣ ಮೊದಲಾದವುಗಳಿಗೆ ಮೀಸಲು. ಈ ಯೋಜನೆಯ ಶಾಲಾ ಕ್ರೀಡಾಕೂಟವು 2018ರಲ್ಲಿ ದೆಹಲಿಯಲ್ಲಿ ಆರಂಭವಾಗಿ, 2019ರಿಂದ ಯುವ ಕ್ರೀಡಾಕೂಟವೆಂಬ ಹೆಸರು ಪಡೆಯಿತು.

ಕ್ರೀಡಾ ದತ್ತು ನೀಡುವ ಖಾಸಗಿ ಕಾಲೇಜುಗಳು

ಕರಾವಳಿ ಕರ್ನಾಟಕದ ಕೆಲವು ಶಿಕ್ಷಣ ಸಂಸ್ಥೆಗಳು ಪ್ರತಿಭಾವಂತ ಕ್ರೀಡಾಪಟುಗಳಿಗೆ ಉಚಿತ ಶಿಕ್ಷಣ, ವಸತಿ, ಊಟ ಹಾಗೂ ತರಬೇತಿ ನೀಡುತ್ತವೆ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಕ್ರೀಡಾ ದತ್ತು ಯೋಜನೆ ಮತ್ತು ಉಜಿರೆಯ ಎಸ್‌ಡಿಎಂ ಕಾಲೇಜಿನ ಕ್ರೀಡಾ ವಸತಿ ನಿಲಯ ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಗಳಿಸಿದ ಯಶಸ್ಸಿನಲ್ಲಿ ಆಳ್ವಾಸ್ ವಿದ್ಯಾರ್ಥಿಗಳ ಪಾಲು ದೊಡ್ಡದು. ಪ್ರೌಢಶಾಲೆಯ ಕ್ರೀಡಾಪಟುವನ್ನು ಕಾಲೇಜು ಆರಿಸಿಕೊಳ್ಳುವ ಮತ್ತು ವಿದ್ಯಾರ್ಥಿಯು ಆ ಕಾಲೇಜಿಗಾಗಿ ಆಡಲು ಒಪ್ಪುವ ಈ ಕ್ರಮ, ಕ್ರೀಡಾ ವಿದ್ಯಾರ್ಥಿವೇತನದ ಪರಿಕಲ್ಪನೆಗೆ ರಾಜ್ಯದಲ್ಲಿ ಅತ್ಯಂತ ಸಮೀಪವಾದುದು.

ಇಂತಹ ಕಾಲೇಜಿಗೆ ಸೇರುವುದೆಂದರೆ 15 ಅಥವಾ 16ನೆಯ ವಯಸ್ಸಿನಲ್ಲಿ ಮನೆ ಬಿಡುವುದು. ಮೀನುಗಾರಿಕೆ, ಕೃಷಿ ಅಥವಾ ಕೂಲಿಯನ್ನು ನಂಬಿದ ಕುಟುಂಬಗಳಿಗೆ ಉಚಿತ ಊಟ ಮತ್ತು ಶಿಕ್ಷಣ ದೊಡ್ಡ ನೆರವು. ಆದರೆ ಗಾಯದಿಂದ ಆಟ ನಿಂತರೆ ಸೌಲಭ್ಯವೂ ನಿಲ್ಲುವುದೇ, ಓದಿಗೆ ಎಷ್ಟು ಸಮಯ ಸಿಗುತ್ತದೆ ಎಂಬ ಪ್ರಶ್ನೆಗಳು ಪಾಲಕರನ್ನು ಕಾಡುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ವಸತಿ ನಿಲಯದ ಸುರಕ್ಷತೆ ಮತ್ತು ದೂರದ ಪ್ರಯಾಣದ ಚಿಂತೆಯೂ ಸೇರುತ್ತದೆ. ಬಹಳಷ್ಟು ಮನೆಗಳಲ್ಲಿ ಈ ನಿರ್ಧಾರಕ್ಕೆ ಮೊದಲು ದೈಹಿಕ ಶಿಕ್ಷಣ ಶಿಕ್ಷಕರ ಅಭಿಪ್ರಾಯವನ್ನು ಕೇಳಲಾಗುತ್ತದೆ.

ವೃತ್ತಿಶಿಕ್ಷಣದಲ್ಲಿ ಕ್ರೀಡಾ ಕೋಟಾ

ಪದವಿಪೂರ್ವ ಶಿಕ್ಷಣದ ನಂತರ ಎಂಜಿನಿಯರಿಂಗ್ ಮೊದಲಾದ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟುಗಳಲ್ಲಿ ಎನ್‌ಸಿಸಿ, ರಕ್ಷಣಾ ಸಿಬ್ಬಂದಿಯ ಮಕ್ಕಳು ಮುಂತಾದ ವಿಶೇಷ ವರ್ಗಗಳಂತೆ ಕ್ರೀಡಾಪಟುಗಳಿಗೂ ಕೆಲವು ಸ್ಥಾನಗಳು ಮೀಸಲಾಗಿವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರವೇಶ ಪ್ರಕ್ರಿಯೆಯನ್ನು ನಡೆಸುತ್ತದೆ. ಅಭ್ಯರ್ಥಿಯು ಅರ್ಜಿಯಲ್ಲಿಯೇ ಕ್ರೀಡಾ ಕೋಟಾವನ್ನು ಕೋರಿ, ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ಒಪ್ಪಿಸಬೇಕಾಗುತ್ತದೆ. ಸಾಧನೆಯ ಹಂತಕ್ಕೆ ಅನುಗುಣವಾಗಿ ಅರ್ಹರ ಪಟ್ಟಿ ಸಿದ್ಧವಾಗುತ್ತದೆ. ಕೋಟಾ ಇದ್ದರೂ ಪ್ರವೇಶ ಪರೀಕ್ಷೆ ಬರೆಯುವುದು ಕಡ್ಡಾಯ. ಶಾಲೆಯಲ್ಲಿದ್ದಾಗ ಗಳಿಸಿದ ಪ್ರಮಾಣಪತ್ರ ಹೀಗೆ ವರ್ಷಗಳ ನಂತರ ಕೆಲಸಕ್ಕೆ ಬರಬಹುದಾದ್ದರಿಂದ ಅದನ್ನು ಜೋಪಾನವಾಗಿ ಕಾಯ್ದಿಡುವುದು ಅಗತ್ಯ.

ಪದವಿ ಕಾಲೇಜು ಮತ್ತು ವಿಶ್ವವಿದ್ಯಾಲಯದ ಮನ್ನಣೆ

ಕಾರವಾರ ಮತ್ತು ಅಂಕೋಲಾದ ಕಲಾ, ವಿಜ್ಞಾನ ಮತ್ತು ವಾಣಿಜ್ಯ ಪದವಿ ಕಾಲೇಜುಗಳು 1949ರಲ್ಲಿ ಸ್ಥಾಪನೆಯಾದ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಕಾಲೇಜು ತಂಡದಲ್ಲಿ ಆಡಿ, ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಗಮನ ಸೆಳೆದವರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸಲಾಗುತ್ತದೆ. ಆ ತಂಡವು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳಲ್ಲಿ ಭಾಗವಹಿಸುತ್ತದೆ.

ಹೀಗೆ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಆಟಗಾರರನ್ನು ‘ಯೂನಿವರ್ಸಿಟಿ ಬ್ಲೂ’ ಎಂದು ಗೌರವಿಸಲಾಗುತ್ತದೆ. ಈ ಹೆಸರಿನ ಮೂಲ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ನೀಲಿ ಬಣ್ಣದ ಕ್ರೀಡಾ ಗೌರವದಲ್ಲಿದೆ. ಪದವಿ ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ ‘ಬ್ಲೂ’ ಆದವರ ಭಾವಚಿತ್ರಗಳನ್ನು ಪ್ರತ್ಯೇಕವಾಗಿ ಮುದ್ರಿಸುವ ವಾಡಿಕೆಯಿದೆ. ಶಾಲಾ ದಿನಗಳಲ್ಲಿ ಜಿಲ್ಲಾ ಮಟ್ಟವನ್ನು ದಾಟಲಾಗದ ಆಟಗಾರನಿಗೂ ಇಲ್ಲಿ ಎರಡನೆಯ ಅವಕಾಶವಿದೆ: ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯಲ್ಲಿ ಆಡಿದವರು ಮೇಲೆ ಹೇಳಿದ ನಮೂನೆ 3ಕ್ಕೆ ಅರ್ಹರಾಗುತ್ತಾರೆ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವು 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಗಿ, ಅದರ ಎರಡನೆಯ ಆವೃತ್ತಿ 2022ರಲ್ಲಿ ಬೆಂಗಳೂರಿನಲ್ಲಿ ನಡೆಯಿತು.

ಸಿದ್ದಿ ಕ್ರೀಡಾಪಟುಗಳ ಅನುಭವ

ಗುರುತಿಸುವಿಕೆಯ ನಂತರ ನಿರಂತರ ಬೆಂಬಲ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಶಿರಸಿ ಹಾಗೂ ಅಂಕೋಲಾ ತಾಲೂಕುಗಳ ಅರಣ್ಯದಂಚಿನ ಊರುಗಳಲ್ಲಿ ವಾಸಿಸುತ್ತಾರೆ. ಭಾರತೀಯ ಕ್ರೀಡಾ ಪ್ರಾಧಿಕಾರವು 1987ರಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ, ಅಥ್ಲೆಟಿಕ್ಸ್ ಮೊದಲಾದ ಕ್ರೀಡೆಗಳಲ್ಲಿ ತರಬೇತಿ ನೀಡಲು ಆರಂಭಿಸಿತು. ಅವರಲ್ಲಿ ಕೆಲವರು ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಮಟ್ಟದವರೆಗೂ ಏರಿದರು.

ಆದರೆ 1993ರಲ್ಲಿ ಸಿದ್ದಿಗಳಿಗಾಗಿ ನಡೆಯುತ್ತಿದ್ದ ಈ ತರಬೇತಿ ನಿಂತುಹೋಯಿತು. ಕೆಲವರು ಕ್ರೀಡೆಯ ಬಲದಿಂದ ಉದ್ಯೋಗ ಪಡೆದರೂ, ಹಲವರು ಆಟವನ್ನು ಬಿಟ್ಟು ತಮ್ಮ ಹಳ್ಳಿಗಳಿಗೆ ಮರಳಿದರು. ಜಿಲ್ಲೆಯ ಸಿದ್ದಿ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಇತ್ತೀಚಿನ ವರ್ಷಗಳಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆಯು ಮುಂಡಗೋಡ ಭಾಗದಲ್ಲಿ ಸಿದ್ದಿ ಹಾಗೂ ಇತರ ಸಮುದಾಯಗಳ ಮಕ್ಕಳಿಗೆ ತರಬೇತಿ ನೀಡುತ್ತಿದೆ. ಹಿಂದಿನ ಯೋಜನೆಯಲ್ಲಿ ಪ್ರತಿಭೆಯನ್ನು ಗುರುತಿಸುವ ಕೆಲಸ ಸರಿಯಾಗಿಯೇ ನಡೆದಿತ್ತು; ಅಲ್ಲಿ ಕಡಿದುಹೋದದ್ದು ಶಾಲೆ, ಕಾಲೇಜು ಮತ್ತು ಉದ್ಯೋಗಗಳ ನಡುವಿನ ಕೊಂಡಿ.

ಅಮೆರಿಕದ ‘ಸಹಿ ದಿನ’ದೊಂದಿಗೆ ಹೋಲಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರೌಢಶಾಲೆಗಳಲ್ಲಿ ಕಾಲೇಜು ತಂಡವನ್ನು ಆರಿಸಿಕೊಂಡ ವಿದ್ಯಾರ್ಥಿಗಳಿಗಾಗಿ ‘ಸಹಿ ದಿನ’ ಎಂಬ ಸಮಾರಂಭ ನಡೆಸಲಾಗುತ್ತದೆ. ವಿದ್ಯಾರ್ಥಿಯು ಪಾಲಕರು ಮತ್ತು ತರಬೇತುದಾರರ ಸಮ್ಮುಖದಲ್ಲಿ, ತಾನು ಸೇರಲಿರುವ ಕಾಲೇಜಿನ ಟೋಪಿ ಅಥವಾ ಅಂಗಿ ಧರಿಸಿ ಪತ್ರಕ್ಕೆ ಸಹಿ ಹಾಕುತ್ತಾನೆ. 1964ರಲ್ಲಿ ಆರಂಭವಾದ ರಾಷ್ಟ್ರೀಯ ಒಪ್ಪಂದ ಪತ್ರದ ವ್ಯವಸ್ಥೆ ಈ ಆಚರಣೆಗೆ ಆಧಾರವಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಆ ಪತ್ರವನ್ನು ರದ್ದುಗೊಳಿಸಿ, ಅದರ ಸ್ಥಾನದಲ್ಲಿ ಕಾಲೇಜುಗಳ ಆರ್ಥಿಕ ನೆರವಿನ ಒಪ್ಪಂದಗಳನ್ನು ಬಳಕೆಗೆ ತರಲಾಯಿತು.

ಎರಡು ವ್ಯವಸ್ಥೆಗಳ ಮುಖ್ಯ ಭೇದವು ಮನ್ನಣೆಯ ದಿಕ್ಕಿನಲ್ಲಿದೆ. ಸಹಿ ದಿನದಂದು ಶಾಲೆಯು ವಿದ್ಯಾರ್ಥಿಯ ಮುಂದಿನ ದಾರಿಯನ್ನು ಆಚರಿಸುತ್ತದೆ. ಕಾರವಾರ ಅಥವಾ ಅಂಕೋಲಾದ ಸ್ನೇಹ ಸಮ್ಮೇಳನದಲ್ಲಿ ಮುಗಿದ ಗೆಲುವನ್ನು ಆಚರಿಸಲಾಗುತ್ತದೆ. ವಿದ್ಯಾರ್ಥಿಯು ಯಾವ ಕಾಲೇಜಿಗೆ, ಯಾವ ಸೌಲಭ್ಯದೊಂದಿಗೆ ಹೋಗುತ್ತಿದ್ದಾನೆ ಎಂಬುದು ಶಾಲೆಯ ವೇದಿಕೆಗೆ ಬರುವುದು ವಿರಳ, ಏಕೆಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಮತ್ತು ಕಾಲೇಜು ಪ್ರವೇಶಗಳು ಸಮ್ಮೇಳನ, ಬೀಳ್ಕೊಡುಗೆಗಳೆಲ್ಲ ಮುಗಿದ ಮೇಲೆ ನಡೆಯುತ್ತವೆ. ಅಮೆರಿಕದಲ್ಲಿಯೂ ಎಲ್ಲ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ನೀಡುವುದಿಲ್ಲ. ಅಲ್ಲಿನ ಕಾಲೇಜು ಕ್ರೀಡೆಯ ಮೂರನೆಯ ವಿಭಾಗದ ಸಂಸ್ಥೆಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಆದರೂ ಅಂತಹ ಕಾಲೇಜು ಸೇರುವವರನ್ನೂ ಶಾಲೆಗಳು ಅದೇ ಮೇಜಿನಲ್ಲಿ ಕೂರಿಸಿ ಗೌರವಿಸುವುದುಂಟು.

ಕೊರತೆಗಳು

* ಮಳೆ: ಕಾರವಾರ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಶಾಲಾ ಕ್ರೀಡಾಕೂಟಗಳ ಆರಂಭಿಕ ಹಂತಗಳೂ ಹೆಚ್ಚಾಗಿ ಮಳೆಗಾಲದಲ್ಲಿಯೇ ಬರುವುದರಿಂದ, ಒಳಾಂಗಣ ಸೌಲಭ್ಯವಿಲ್ಲದ ಶಾಲೆಗಳ ಮಕ್ಕಳು ಸಾಕಷ್ಟು ಅಭ್ಯಾಸವಿಲ್ಲದೆ ಸ್ಪರ್ಧೆಗೆ ಇಳಿಯಬೇಕಾಗುತ್ತದೆ.
* ದೂರ: ವಿಭಾಗ ಮಟ್ಟದ ಸ್ಪರ್ಧೆಗಳಿಗಾಗಿ ಘಟ್ಟ ಹತ್ತಿ ಬಯಲುಸೀಮೆಯ ಜಿಲ್ಲೆಗಳಿಗೆ ಹೋಗಬೇಕು. ಇದರಿಂದ ಖರ್ಚು ಮತ್ತು ಪಾಠದ ದಿನಗಳ ನಷ್ಟ ಎರಡೂ ಹೆಚ್ಚುತ್ತವೆ.
* ಶಿಕ್ಷಕರು: ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಪ್ರವೇಶ ಪತ್ರ ತುಂಬುವುದು, ತಂಡವನ್ನು ಕರೆದೊಯ್ಯುವುದು ಮತ್ತು ಪ್ರಮಾಣಪತ್ರ ತರುವುದು ವಿಷಯ ಶಿಕ್ಷಕರ ಹೆಚ್ಚುವರಿ ಕೆಲಸವಾಗುತ್ತದೆ.
* ಮಾಹಿತಿ: ಆಯ್ಕೆ ಪರೀಕ್ಷೆಗಳ ದಿನಾಂಕ, ಕೋಟಾದ ನಿಯಮ ಮತ್ತು ದತ್ತು ಯೋಜನೆಗಳ ವಿವರಗಳು ಹಳ್ಳಿಯ ಶಾಲೆಗಳಿಗೆ ಸಕಾಲಕ್ಕೆ ತಲುಪದಿರುವುದುಂಟು.
* ದಾಖಲೆ: ಶಾಲೆ ಬಿಟ್ಟ ನಂತರ ಕ್ರೀಡಾಪಟುಗಳು ಎಲ್ಲಿ ಓದುತ್ತಿದ್ದಾರೆ, ಆಟ ಮುಂದುವರಿಸಿದ್ದಾರೆಯೇ ಎಂಬುದನ್ನು ದಾಖಲಿಸುವ ರೂಢಿ ಶಾಲೆಗಳಲ್ಲಿ ಕಡಿಮೆ. ಸಮಗ್ರ ವೀರಾಗ್ರಣಿ ಪಾರಿತೋಷಕಗಳು ಮುಖ್ಯಾಧ್ಯಾಪಕರ ಕೋಣೆಯ ಕಪಾಟಿನಲ್ಲಿ ಉಳಿಯುತ್ತವೆ. ಅವನ್ನು ಗೆದ್ದವರ ಮುಂದಿನ ಹೆಜ್ಜೆಗಳು ದಾಖಲಾಗುವುದಿಲ್ಲ.

ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ ಪಡೆಯಲು ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬರುವ ದಿನಗಳಲ್ಲಿಯೇ ಅವರ ಕ್ರೀಡಾ ಪ್ರಮಾಣಪತ್ರಗಳನ್ನು ಪರಿಶೀಲಿಸಿ ತಿದ್ದಿಸಿಕೊಡುವುದು ಹಾಗೂ ಕ್ರೀಡೆಯನ್ನು ಮುಂದುವರಿಸುವವರ ಕಾಲೇಜಿನ ಹೆಸರನ್ನು ಶಾಲೆಯ ಫಲಕದಲ್ಲಿ ಬರೆಯುವುದು ಹೆಚ್ಚಿನ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳಾಗಿವೆ.

ಇವನ್ನೂ ನೋಡಿ

* ಉತ್ತರ ಕನ್ನಡ
* ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ
* ದಿನಕರ ದೇಸಾಯಿ
* ಸಿದ್ದಿ ಜನಾಂಗ
* ಖೇಲೋ ಇಂಡಿಯಾ
* ಕಬಡ್ಡಿ